ಖಾಲಿ ಕೊಡಬಾರದ ಪೆನ್ ಡ್ರೈವ್

ಕೋಲ್ಕತ್ತದಲ್ಲಿ ಯಾವ ಕನ್ನಡಿಗರ ಮನೆಯ ಕಂಪ್ಯೂಟರ್ ಕೆಟ್ಟರೂ ಮೊದಲು ಕೇಳಿಬರುವ ಮಾತು ಒಂದೇ: "ನಾವೇನೂ ಮಾಡಿಲ್ಲ, ವೈರಸ್ ತಾನಾಗೇ ಬಂತು." ಎರಡನೆಯ ಕೆಲಸ ನನಗೆ ಫೋನ್ ಮಾಡುವುದು. ಇದು ವರ್ಷಗಳಿಂದ ನಡೆದಿದೆ, ಮುಂದೆಯೂ ನಡೆಯುತ್ತದೆ. ನನ್ನ ತಿಥಿಯ ದಿನವೂ ಯಾರಾದರೂ ಫೋನ್ ಮಾಡಿ, "ಸಾರ್ ಇಲ್ವಾ? ಸ್ವಲ್ಪ ಅರ್ಜೆಂಟಿತ್ತು" ಅನ್ನುತ್ತಾರೆ ಅಂತ ನನಗೆ ಖಾತ್ರಿ.

ತಾನಾಗೇ ಬರುವುದು ಸೀನು. ವೈರಸ್ ತಾನಾಗೇ ಬರುವುದಿಲ್ಲ. ಅದನ್ನು ನೀವು ಕರೆಯುತ್ತೀರಿ. ಬಾಗಿಲು ತೆಗೆದು, ಕಾಲಿಗೆ ನೀರು ಕೊಟ್ಟು, ಮಣೆ ಹಾಕಿ ಕೂರಿಸುತ್ತೀರಿ. ಅದು ಉಂಡು ಮನೆ ದೋಚಲು ಶುರುಮಾಡಿದ ಮೇಲೆ ನನ್ನನ್ನು ಕರೆಯುತ್ತೀರಿ. ನನಗೆ ಮಣೆಯೂ ಇರುವುದಿಲ್ಲ.

ನಾನು ಅಲಿಪುರದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಊರು ಹಾವೇರಿ ಕಡೆ. ಕಂಪ್ಯೂಟರ್ ಕಲಿಯಲು ಯಾವ ಕ್ಲಾಸಿಗೂ ಹೋಗಲಿಲ್ಲ, ಸಿಟ್ಟಿನಲ್ಲಿ ಕಲಿತೆ. ನಮ್ಮ ಮನೆಯ ಕಂಪ್ಯೂಟರಿಗೆ ಮೊದಲ ಸಲ ರೋಗ ಬಂದಾಗ ಒಬ್ಬ ರಿಪೇರಿಯವನು ಅದನ್ನು ಹೊತ್ತೊಯ್ದು, ಮಗಳ ಚಿಕ್ಕಂದಿನ ಫೋಟೋಗಳ ಸಮೇತ ಎಲ್ಲವನ್ನೂ ಅಳಿಸಿ, ಥಳಥಳ ಮಾಡಿ ತಂದುಕೊಟ್ಟ. "ಫೋಟೋ ಎಲ್ಲಿ?" ಅಂದೆ. "ವೈರಸ್ ಹೋಯ್ತಲ್ಲ ದಾದಾ" ಅಂದ. ತಲೆನೋವು ಅಂತ ಹೋದವನ ತಲೆಯನ್ನೇ ತೆಗೆದು ಕಳಿಸುವ ಈ ವೈದ್ಯದ ಮೇಲೆ ಅವತ್ತು ಹುಟ್ಟಿದ ಸಿಟ್ಟು ಇನ್ನೂ ಇಳಿದಿಲ್ಲ. ಅಳಿಸದೆ ತೊಳೆಯುವುದು ಹೇಗೆ ಅಂತ ಒಬ್ಬನೇ ಕೂತು ಕಲಿತೆ. ಕಲಿತದ್ದು ತಪ್ಪಾಯಿತು. ಊರಿಗೆಲ್ಲ ಗೊತ್ತಾಯಿತು.

ಈಗ ಹೇಳುವುದೆಲ್ಲ ಈ ವರ್ಷದ ವಿಜಯದಶಮಿಯಿಂದ ರಾಜ್ಯೋತ್ಸವದವರೆಗೆ ಒಂದೇ ಒಂದು ಪೆನ್ ಡ್ರೈವ್ ಮಾಡಿದ ಕೆಲಸ.

ಮಕ್ಕಳೆಲ್ಲ ಬಾಣ

ಬೆಹಾಲಾದಲ್ಲಿ ನಮ್ಮ ಟೀಚರಮ್ಮ ಇದ್ದಾರೆ. ಮೈಸೂರಿನವರು. ಗಂಡನ ನೌಕರಿಯ ಜೊತೆ ಇಲ್ಲಿಗೆ ಬಂದವರು, ಗಂಡ ಹೋದ ಮೇಲೂ ಇಲ್ಲೇ ಉಳಿದರು. ಭಾನುವಾರ ಬೆಳಿಗ್ಗೆ ಇಲ್ಲಿನ ಕನ್ನಡ ಸಂಘದ ಮಕ್ಕಳನ್ನು ಕೂರಿಸಿಕೊಂಡು ಕನ್ನಡ ಹಾಡು ಹೇಳಿಕೊಡುತ್ತಿದ್ದರು. ನಮ್ಮ ಮಕ್ಕಳ ಕನ್ನಡ ನಿಮಗೆ ಗೊತ್ತಲ್ಲ, ಕಿವಿಗೆ ಬರುತ್ತದೆ, ನಾಲಿಗೆಗೆ ಬರುವುದಿಲ್ಲ. ನನ್ನ ಮಗಳು "ಪಾಪಾ, ತೊಟ್ಟಿಲು ಮತ್‌ಲಬ್?" ಅಂತ ಕೇಳಿಕೊಂಡೇ ತೊಟ್ಟಿಲ ಹಾಡು ಹಾಡಿದವಳು. ಅಂಥ ಮಕ್ಕಳ ಬಾಯಲ್ಲಿ ಕನ್ನಡ ಹಾಡಿಸಿದ ಪುಣ್ಯಾತ್ಗಿತ್ತಿ ಆಕೆ.

ಎರಡು ವರ್ಷದ ಹಿಂದೆ ಟೀಚರಮ್ಮನ ಗಂಟಲ ಆಪರೇಷನ್ ಆಯಿತು. ಪ್ರಾಣ ಉಳಿಯಿತು, ದನಿ ಉಳಿಯಲಿಲ್ಲ. ಈಗ ಪಿಸುಮಾತಷ್ಟೇ. ಹಾಡಿದ್ದೆಲ್ಲ ಒಂದು ಪೆನ್ ಡ್ರೈವಿನಲ್ಲಿತ್ತು. ಒಂದೊಂದು ಮಗುವಿನ ಹೆಸರಿನಲ್ಲಿ ಒಂದೊಂದು ಫೋಲ್ಡರ್, ಜೊತೆಗೆ ಅವರೊಬ್ಬರೇ ಹಾಡಿದ ಒಂದು ಹಸೆಹಾಡು. ಆಪರೇಷನ್ನಿಗೆ ಹೋಗುವ ಮುಂಚೆ ಫೋನಿನಲ್ಲಿ ಹಿಡಿದದ್ದು. ಆ ಫೋನೂ ಕೆಟ್ಟು ಹೋಗಿತ್ತು. ಈ ಸಲದ ರಾಜ್ಯೋತ್ಸವಕ್ಕೆ ಆ ಹಾಡುಗಳನ್ನು ಸಮಾರಂಭದ ಹಾಲ್‌ನಲ್ಲಿ ಎಲ್ಲರಿಗೂ ಕೇಳಿಸಬೇಕು ಅಂತ ಸಂಘದಲ್ಲಿ ತೀರ್ಮಾನವಾಗಿತ್ತು.

ವಿಜಯದಶಮಿ ಮುಗಿದ ಮೇಲೆ ಫೋನ್ ಬಂತು. ಪಿಸುಪಿಸು ದನಿ: "ಬೇಗ ಬಾಪ್ಪ. ನನ್ನ ಮಕ್ಕಳೆಲ್ಲ ಬಾಣ ಆಗ್ಬಿಟ್ಟಿದಾರೆ."

ಮೆಟ್ರೋ ಹಿಡಿದು ಹೋದೆ. ಪೆನ್ ಡ್ರೈವ್ ಹಾಕೋಣ ಅಂದರೆ ಕಂಪ್ಯೂಟರಿನ ತೂತಿನ ತುಂಬ ಕುಂಕುಮ. ಬಂಗಾಳದ ಲೆಕ್ಕದಲ್ಲಿ ವಿಶ್ವಕರ್ಮ ಪೂಜೆಗೊಮ್ಮೆ, ನಮ್ಮ ಲೆಕ್ಕದಲ್ಲಿ ಆಯುಧಪೂಜೆಗೊಮ್ಮೆ, ಎರಡೂ ಸಲ ಇಟ್ಟಿದ್ದರು. "ಇಷ್ಟು ಕುಂಕುಮ ಇಟ್ಟರೂ ಹೇಗೆ ಬಂತಪ್ಪ?" ಅಂತ ನನ್ನನ್ನೇ ಕೇಳಿದರು. ಬ್ರಶ್ಶಿನಲ್ಲಿ ಕೆದಕಿ ತೆಗೆಯುವ ಹೊತ್ತಿಗೆ ನನ್ನ ಅಂಗಿಯೇ ಹೋಳಿ ಆಡಿ ಬಂದಂತಿತ್ತು.

ನೋಡಿದರೆ ನಿಜ. ಮಕ್ಕಳ ಹೆಸರಿನ ಒಂದೊಂದು ಫೋಲ್ಡರಿನ ಮೂಲೆಯಲ್ಲೂ ಪುಟ್ಟ ಬಾಣ. ಇದು ಹಳೆಯ ಕಳ್ಳ. ಪೆನ್ ಡ್ರೈವಿನೊಳಗೆ ಹೊಕ್ಕು ನಿಜವಾದ ಫೋಲ್ಡರುಗಳನ್ನು ಬಚ್ಚಿಡುತ್ತಾನೆ, ಅದೇ ಹೆಸರಿನ ಸುಳ್ಳು ಬಾಗಿಲು ನಿಲ್ಲಿಸುತ್ತಾನೆ. ನೀವು ಬಾಗಿಲು ತಟ್ಟಿದರೆ ಕಳ್ಳನೇ ಎದ್ದು ನಿಮ್ಮ ಕಂಪ್ಯೂಟರಿಗೆ ಬರುತ್ತಾನೆ. ಅಲ್ಲಿ ಕೂತು, ಮುಂದೆ ಯಾವ ಪೆನ್ ಡ್ರೈವ್ ಬಂದರೂ ಅದಕ್ಕೂ ಹತ್ತುತ್ತಾನೆ. ಒಳ್ಳೆಯ ಸುದ್ದಿ ಏನೆಂದರೆ ಬಚ್ಚಿಟ್ಟದ್ದು ಅಲ್ಲೇ ಇರುತ್ತದೆ. ಕೆಟ್ಟ ಸುದ್ದಿ ಏನೆಂದರೆ ನಮ್ಮ ಜನ ಅದು ಹೋಯಿತು ಅಂದುಕೊಂಡು ಎಲ್ಲ ಅಳಿಸುತ್ತಾರೆ.

ನಾನು ಇಂಟರ್ನೆಟ್ಟಿನ ಮುಖ ನೋಡದ ನನ್ನ ಹಳೆಯ ಲ್ಯಾಪ್‌ಟಾಪಿಗೆ ಹಾಕಿ ಬಚ್ಚಿಟ್ಟದ್ದನ್ನೆಲ್ಲ ಹೊರಗೆಳೆದೆ. ಮಕ್ಕಳು ಬಂದರು. ಅವರ ಜೊತೆಗೆ ಈ ವರ್ಷದ ಪಂಚಾಂಗ, ಯಾರದೋ ಮದುವೆಯ ಕರೆಯೋಲೆ, ಒಂದು ಸಿನಿಮಾ, ಯಾರದೋ ಮೊಣಕಾಲಿನ ಎಕ್ಸ್‌ರೇ, ಗುರೆಳ್ಳು ಚಟ್ನಿಪುಡಿ ಮಾಡುವ ವಿಧಾನ, ದೇವಸ್ಥಾನಗಳ ಮೇಲೆ ಒಂದು ಭಾರೀ ವಿಡಿಯೋ, ಎಲ್ಲವೂ ಬಂದವು.

"ಟೀಚರಮ್ಮ, ಇದನ್ನೆಲ್ಲ ಹಾಕಿದ್ದು ಯಾರು?"

"ಹಾಡು ಕೇಳಬೇಕು ಅಂತ ತಗೊಂಡು ಹೋದವರು ಹಾಕಿದ್ದು."

"ಯಾಕೆ?"

ಇಂಥ ದಡ್ಡನನ್ನು ಕಂಡೇ ಇಲ್ಲ ಅನ್ನುವಂತೆ ನನ್ನ ಮುಖ ನೋಡಿದರು. "ಖಾಲಿ ಕೊಡಬಾರದಲ್ಲಪ್ಪ."

ನಮ್ಮಲ್ಲಿ ಒಂದು ಪದ್ಧತಿ. ಪಕ್ಕದ ಮನೆಯಿಂದ ಡಬ್ಬಿಯಲ್ಲಿ ಏನಾದರೂ ಬಂದರೆ ಡಬ್ಬಿಯನ್ನು ಖಾಲಿ ವಾಪಸ್ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕುತ್ತೇವೆ. ಚೆಂದದ ಪದ್ಧತಿ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಪೆನ್ ಡ್ರೈವಿಗೆ?

"ಅದರೊಳಗೆ ಸಕ್ಕರೆ ಹಾಕೋಕಾಗುತ್ತಾ?" ಅಂದರು ಟೀಚರಮ್ಮ. "ಪಾಪ, ಅವರವರ ಕೈಲಿ ಏನಾಯ್ತೋ ಅದು ಹಾಕಿದಾರೆ."

ಚಟ್ನಿಪುಡಿ ಯಾರದು

ಎಲ್ಲಾ ಬಂತು, ಟೀಚರಮ್ಮನ ಹಸೆಹಾಡು ಮಾತ್ರ ಬರಲಿಲ್ಲ. ಮೂಲೆಮೂಲೆ ಹುಡುಕಿದೆ. ಬಚ್ಚಿಟ್ಟದ್ದರಲ್ಲೂ ಇಲ್ಲ. ಅಂದರೆ ಇದು ವೈರಸ್ಸಿನ ಕೆಲಸವಲ್ಲ. ವೈರಸ್ ಬಚ್ಚಿಡುತ್ತದೆ, ಅಳಿಸುವುದು ಮನುಷ್ಯ.

"ಹೋಗ್ಲಿ ಬಿಡು, ಮಕ್ಕಳು ಬಂದ್ರಲ್ಲ" ಅಂದರು ಟೀಚರಮ್ಮ. ಅನ್ನುವಾಗ ಅವರ ಕೈ ಗಂಟಲ ಮೇಲಿತ್ತು. ಚಹಾ ಇಡುತ್ತೇನೆ ಅಂತ ಒಳಗೆ ಹೋದವರು ಬಹಳ ಹೊತ್ತು ಬರಲಿಲ್ಲ.

ಚಹಾ ಬಂದ ಮೇಲೆ ಹೇಳಿದೆ: "ಎರವಲು ಒಯ್ದವರಲ್ಲಿ ಒಬ್ಬರಾದರೂ ಹಾಡುಗಳನ್ನು ತಮ್ಮಲ್ಲಿ ಇಳಿಸಿಕೊಂಡಿರುತ್ತಾರೆ. ಮನೆಮನೆ ಹುಡುಕುತ್ತೇನೆ. ರಾಜ್ಯೋತ್ಸವಕ್ಕೆ ನಿಮ್ಮ ದನಿ ಹಾಲಿನಲ್ಲಿ ಕೇಳದಿದ್ದರೆ ನಾನು ಕಂಪ್ಯೂಟರ್ ಮುಟ್ಟುವುದಿಲ್ಲ." ಆಮೇಲೆ ಕೇಳಿದೆ: "ಯಾರ್ಯಾರ ಮನೆಗೆ ಹೋಗಿತ್ತು?"

"ಮೊದಲು ರೈಲ್ವೆ ರಾಯರು. ಅವರಿಂದ ನಿಮ್ಮನೆಗೆ. ನಿಮ್ಮನೆಯಿಂದ ಪ್ರೊಫೆಸರ್ ಮನೆಗೆ."

"ನಮ್ಮನೆಗೆ?"

"ನಿನ್ನ ಹೆಂಡತಿ ಬಂದು ತಗೊಂಡು ಹೋದಳಲ್ಲ."

ಮನೆಗೆ ಬಂದವನೇ ಹೆಂಡತಿಯ ಮುಂದೆ ನಿಂತೆ. "ಗುರೆಳ್ಳು ಚಟ್ನಿಪುಡಿ ನಿಂದೇನು?"

"ಹೂಂ. ಚಲೋ ಬರದೀನಿ ಹೌದಲ್ಲ?"

"ಊರಿಗೆಲ್ಲ ಪೆನ್ ಡ್ರೈವ್ ಮುಟ್ಟಬ್ಯಾಡ್ರಿ ಅಂತ ಸಾರೂದು ನಾನು. ನನ್ನ ಮನ್ಯಾಗ ನೀನು..."

"ಮತ್ತ ಖಾಲಿ ಕೊಡ್ಲೇನು? ಮಂದಿ ಏನಂದಾರು? ಹಾವೇರಿ ಮಂದಿಗೆ ರೀತಿ-ರಿವಾಜ್ ಗೊತ್ತಿಲ್ಲ ಅಂದ್ರ?"

"ನನ್ನನ್ನ ಒಂದು ಮಾತು ಕೇಳಬಾರದ?"

"ನೀವು ಮನ್ಯಾಗ ಇದ್ರ ಕೇಳ್ತಿದ್ನಿ. ನೀವು ಊರ ಮಂದಿ ಕಂಪ್ಯೂಟರ್ ತೊಳ್ಯಾಕ ಹೋಗಿದ್ರಿ."

ನಮ್ಮ ಕಂಪ್ಯೂಟರಿನಲ್ಲಿ ಹಾಡು ಇದೆಯೇ ಅಂದೆ. ಇಲ್ಲವಂತೆ. "ನಾ ಹಾಕೀನಿ, ತಗೊಂಡಿಲ್ಲ. ಮಂದೀದು ಕೇಳದ ತಗೋಬಾರದು" ಅಂದಳು. ಚಟ್ನಿಪುಡಿ ಕೊಟ್ಟು ನಮ್ಮ ಮನೆಗೆ ಕಳ್ಳನನ್ನು ತಂದುಕೊಂಡಿದ್ದಳು. ಅವತ್ತು ನಾನು ಮೊದಲು ತೊಳೆದದ್ದು ನನ್ನ ಮನೆಯನ್ನೇ.

ಹಸಿರು ಗುಂಡಿ

ಗರಿಯಾಹಾಟ್ ಹತ್ತಿರ ನಮ್ಮ ಪ್ರೊಫೆಸರ್ ಮನೆ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಹೇಳುತ್ತಾರೆ. ಸವೆದುಹೋದ ಶಾಸನಗಳನ್ನು ಬೆರಳಿನಲ್ಲಿ ಸವರಿ ಓದುವವರು ಅಂತ ಹೆಸರು. ಇಂಥವರು ಪರದೆಯ ಮೇಲೆ ಕಣ್ಣಿಗೆ ಹೊಡೆಯುವ ಎರಡು ಸಾಲು ಓದುವುದಿಲ್ಲ. ಇದಕ್ಕೆ ಏನು ಹೇಳುತ್ತೀರಿ?

ಲ್ಯಾಪ್‌ಟಾಪ್ ತೆರೆದೆ. ಅದು ತೆರೆಯಲಿಲ್ಲ, ಏದುಸಿರು ಬಿಟ್ಟಿತು. ಒಳಗೆ ಮೂರು ಬೇರೆ ಬೇರೆ ವೈರಸ್ ಕಾವಲುಗಾರರು. ಮೂವರೂ ಒಬ್ಬರನ್ನೊಬ್ಬರು ಕಳ್ಳ ಅಂತ ಹಿಡಿದುಕೊಂಡು ಗುದ್ದಾಡುತ್ತಿದ್ದರು. ನಿಜವಾದ ಕಳ್ಳ ಆರಾಮಾಗಿ ಕೂತಿದ್ದ.

"ಎಲ್ಲಿಂದ ಶುರುವಾಯಿತು ಸಾರ್?"

"ಸಂಘದ ಆಮಂತ್ರಣ ಕನ್ನಡದಲ್ಲಿ ಮಾಡಬೇಕಿತ್ತು ಕಣ್ರಿ. ಒಳ್ಳೆ ಅಕ್ಷರ ಬೇಕಲ್ಲ, ಕನ್ನಡದ ಫಾಂಟು ಇಳಿಸೋಣ ಅಂತ ಒಂದು ಕಡೆ ಹೋದೆ. ಪುಕ್ಕಟೆ ಅಂತ ಬರೆದಿತ್ತು."

ಆ ತಾಣವನ್ನು ತೋರಿಸಿದರು. ಇಂಥವು ನನಗೆ ಗೊತ್ತು. ಕನ್ನಡದ ಮೇಲಿನ ನಮ್ಮ ಪ್ರೀತಿಯನ್ನೇ ಗಾಳಕ್ಕೆ ಹುಳ ಮಾಡಿಕೊಂಡು ಕೂತ ಜಾಗಗಳು. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ, ಎಲ್ಲೆಲ್ಲೂ 'ಇಲ್ಲಿ ಇಳಿಸಿಕೊಳ್ಳಿ' ಅನ್ನುವ ಹಸಿರು ಗುಂಡಿಗಳು. ಅದರಲ್ಲಿ ಒಂದು ಮಾತ್ರ ನಿಜದ್ದು, ಅದೂ ಸಾಸಿವೆಯಷ್ಟು ಸಣ್ಣದು.

"ಇದರಲ್ಲಿ ಯಾವ ಗುಂಡಿ ಒತ್ತಿದಿರಿ?"

"ಎಲ್ಲಾ ಒತ್ತಿದೆ."

"ಎಲ್ಲಾ?"

"ಒಂದರಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ಸಿಗುತ್ತೆ ಅಂತ. ಸಂಶೋಧನೆಯಲ್ಲಿ ಯಾವ ಆಕರವನ್ನೂ ಬಿಡಬಾರದಲ್ವೇ?"

ನಾನು ಹಲ್ಲು ಕಚ್ಚಿಕೊಂಡು ತೊಳೆಯುತ್ತಾ ಹೋದೆ. ತೊಳೆದಷ್ಟೂ ಪರದೆಯ ಮೂಲೆಯಿಂದ ಒಬ್ಬೊಬ್ಬ ಹೆಂಗಸು ಎದ್ದು ಬಂದು, ತಾನು ಹತ್ತಿರದಲ್ಲೇ ಇದ್ದೇನೆ, ಒಂಟಿಯಾಗಿದ್ದೇನೆ, ಮಾತಾಡೋಣವೇ ಅಂತ ಕೇಳುತ್ತಿದ್ದಳು. ಪ್ರೊಫೆಸರು ನನ್ನ ಕಿವಿಯ ಹತ್ತಿರ ಬಗ್ಗಿದರು. "ಒಂದು ಉಪಕಾರ ಮಾಡಿ. ನಮ್ಮ ಮನೆಯವರು ಮಾತು ಬಿಟ್ಟಿದ್ದಾರೆ. ಇದು ವೈರಸ್ಸು, ನನ್ನ ತಪ್ಪಲ್ಲ ಅಂತ ಅವರ ಮುಂದೆ ಒಂದು ಸಲ ಹೇಳಿಬಿಡಿ."

ನ್ಯಾಯದ ಮಾತು. ಆ ತಾಯಿಯನ್ನು ಕರೆದು ವಿವರವಾಗಿ ಹೇಳಿದೆ. ಇವರು ಇವಳನ್ನು ಹುಡುಕಿಕೊಂಡು ಹೋಗಿಲ್ಲ, ಅಕ್ಷರ ಹುಡುಕಿಕೊಂಡು ಹೋಗಿದ್ದು, ಇದು ಎಲ್ಲ ಗಂಡಸರ ಪರದೆಯ ಮೇಲೂ ಬರುವ ಕಸ ಅಂದೆ.

ಅವರು ಕೈಕಟ್ಟಿಕೊಂಡು ಪೂರ್ತಿ ಕೇಳಿದರು. ಆಮೇಲೆ ಹೇಳಿದರು: "ಸರಿ, ವೈರಸ್ಸೇ ಅಂತ ಒಪ್ಕೊಂಡೆ. ಆದ್ರೆ ಇವರು ಅವಳಿಗೆ 'ನಮಸ್ಕಾರ, ತಾವು ಯಾವ ಕಡೆಯವರು?' ಅಂತ ಉತ್ತರ ಬರೆದಿದ್ದು ಯಾವ ವೈರಸ್ಸು?"

ಮಾತು ತಿರುಗಿಸಿ ಹಸೆಹಾಡಿನ ವಿಚಾರ ಎತ್ತಿದೆ. ಪ್ರೊಫೆಸರ ಮುಖ ಇನ್ನಷ್ಟು ಬಾಡಿತು. ದೇವಸ್ಥಾನಗಳ ವಿಡಿಯೋ ಹಾಕಿ ಕೊಡೋಣ ಅಂದರೆ ಪೆನ್ ಡ್ರೈವಿನಲ್ಲಿ ಜಾಗ ಸಾಲಲಿಲ್ಲವಂತೆ. "ಯಾವ ಫೋಲ್ಡರಿಗೂ ಸೇರದ, ಹೆಸರಿಲ್ಲದ ಒಂದು ಫೈಲು ಹೊರಗೇ ಬಿದ್ದಿತ್ತು, ಬರೀ ಅಂಕಿ. ಸುಮ್ಮನೆ ಇದೆಯಲ್ಲ ಅಂತ ತೆಗೆದೆ."

"ಮಗುವಿನ ಹೆಸರಿರಲಿಲ್ಲ ಸಾರ್, ಯಾಕೆಂದರೆ ಅದು ಮಗುವಿನ ಹಾಡಲ್ಲ. ಅದು ಟೀಚರಮ್ಮನ ದನಿ. ನೀವು ಇತಿಹಾಸದ ಮೇಷ್ಟ್ರು!"

"ಖಾಲಿ ಕೊಡಬಾರದಲ್ಲ ಅಂತ..." ಅಂದರು ಪ್ರೊಫೆಸರು. ತುಂಬಿಸಿ ಕೊಡುವುದಕ್ಕೆ ಖಾಲಿ ಮಾಡಿದ ಮೊದಲ ಮನುಷ್ಯ.

ಅಮೆರಿಕದ ಮೈಕು

ಉಳಿದದ್ದು ರೈಲ್ವೆ ರಾಯರ ಮನೆ ಒಂದೇ. ಕುಂದಾಪುರದ ಕಡೆಯವರು, ರೈಲ್ವೆಯಿಂದ ನಿವೃತ್ತಿಯಾದವರು. ನಾನು ಹೋದದ್ದು ಕಾಳಿಪೂಜೆಯ ಮರುದಿನ. ಅವರ ಪಾರಾದ, ಅಂದರೆ ಓಣಿಯ, ಪಂಡಾಲು ಮನೆಯ ಕಿಟಕಿಗೆ ಅಂಟಿಕೊಂಡೇ ಇತ್ತು. ಗಲ್ಲಿಯ ತುಂಬ ಮೈಕಿನ ಅಬ್ಬರ.

ಬಾಗಿಲು ತೆರೆದೇ ಇತ್ತು. ಒಳಗೆ ಕಂಪ್ಯೂಟರ್ ಆಂಬುಲೆನ್ಸಿನ ಹಾಗೆ ಕೂಗುತ್ತಿತ್ತು. ಪರದೆಯ ತುಂಬ ಕೆಂಪು. 'ನಿಮ್ಮ ಕಂಪ್ಯೂಟರಿಗೆ ಭಯಂಕರ ವೈರಸ್, ಆರಿಸಬೇಡಿ, ಈ ನಂಬರಿಗೆ ಕೂಡಲೇ ಕರೆ ಮಾಡಿ' ಅಂತ ಬರೆದಿತ್ತು. ರಾಯರು ಫೋನು ಕಿವಿಗಿಟ್ಟುಕೊಂಡು ಕೂತಿದ್ದರು.

"ಯಾರ ಜೊತೆ?" ಅಂದೆ.

ಫೋನಿನ ಬಾಯಿ ಮುಚ್ಚಿ ಹೇಳಿದರು: "ಅಮೆರಿಕದ್ದು ಮಾರಾಯ್ರೆ, ಹೆಡ್ ಆಫೀಸು. ನೀವು ಬೊಬ್ಬೆ ಹೊಡೀಬೇಡಿ. ಪಾಪ, ಒಳ್ಳೆ ಜನ, ಆಗಿಂದ ಸಮಾಧಾನ ಮಾಡ್ತಾ ಇದ್ದಾರೆ."

ನೋಡಿ, ಇಂಥ ಕಡೆ ನನಗೆ ಸಿಟ್ಟು ಬರದೆ ಇನ್ನೇನು ಬರಬೇಕು? ಆ ಕೆಂಪು ಪರದೆಯೇ ಸುಳ್ಳು. ಅದು ಬರೀ ಒಂದು ಜಾಹೀರಾತಿನ ಪುಟ, ಮುಚ್ಚಿದರೆ ಸಾಕು. ಹೆದರಿ ಫೋನ್ ಮಾಡಿದವರ ಕಂಪ್ಯೂಟರನ್ನು ಆ ಕಡೆಯವನು ತನ್ನ ಕೈಗೆ ತೆಗೆದುಕೊಂಡು, ಬ್ಯಾಂಕಿನ ತನಕ ಗುಡಿಸುತ್ತಾನೆ. ರೋಗ ಇಲ್ಲದವನಿಗೆ ರೋಗ ಇದೆ ಅಂತ ಹೇಳಿ, ಔಷಧ ಅಂತ ವಿಷ ಕೊಡುವ ದಂಧೆ. ವಯಸ್ಸಾದವರನ್ನೇ ಹುಡುಕಿ ಹಿಡಿಯುವ ಹೇಡಿಗಳು!

ಫೋನ್ ಕಸಿದುಕೊಳ್ಳಲು ಕೈ ಚಾಚಿದೆ. ರಾಯರು ಕೊಡಲಿಲ್ಲ, ಸ್ಪೀಕರ್ ಹಾಕಿದರು. ಆ ಕಡೆಯವನು ಇಂಗ್ಲಿಷನ್ನು ಮೂಗಿನಲ್ಲಿ ಮಾತಾಡುತ್ತಿದ್ದ. ಅಮೆರಿಕದಲ್ಲಿ ಬೆಳಗಾಗುತ್ತಿದೆಯಂತೆ, ಬಹಳ ಚಳಿಯಂತೆ, ಒಂದು ಪ್ರೋಗ್ರಾಮ್ ಇಳಿಸಿಕೊಂಡರೆ ತಾನು ಅಲ್ಲಿಂದಲೇ ತೊಳೆದುಕೊಡುತ್ತಾನಂತೆ.

ಅಷ್ಟರಲ್ಲಿ ಕಿಟಕಿಯ ಮೈಕು ಕೂಗಿತು. ಹಳದಿ ಫ್ರಾಕಿನ ಹುಡುಗಿ ಪಂಡಾಲಿನ ಹತ್ತಿರ ಅಳುತ್ತಿದ್ದಾಳೆ, ಮನೆಯವರು ಬಂದು ಕರೆದುಕೊಂಡು ಹೋಗಿ, ಅಂತ.

ಅದೇ ಹಳದಿ ಫ್ರಾಕಿನ ಹುಡುಗಿ, ಅದೇ ಮೈಕಿನ ದನಿಯಲ್ಲಿ, ಫೋನಿನೊಳಗೂ ಅಳುತ್ತಿದ್ದಳು.

ನಾನೂ ರಾಯರೂ ಮುಖಮುಖ ನೋಡಿಕೊಂಡೆವು. ರಾಯರು ಫೋನನ್ನು ಬಾಯಿಯ ಹತ್ತಿರ ತಂದು ಬಂಗಾಳಿಯಲ್ಲಿ ಮೆತ್ತಗೆ ಕೇಳಿದರು: "ದಾದಾ, ನಮ್ಮ ಪಾರಾದ ಮೈಕು ಅಮೆರಿಕದ ತನಕ ಕೇಳ್ತದಾ?"

ಇನ್ನೇನು ಫೋನ್ ಇಡುತ್ತಾನೆ ಅಂದುಕೊಂಡೆ. ಇಡಲಿಲ್ಲ. ಮೂಗು ಬಿಟ್ಟು, ಅಪ್ಪಟ ಬಂಗಾಳಿಯಲ್ಲಿ, ಬಹಳ ಆಸೆಯಿಂದ ಕೇಳಿದ:

"ಕಾಕೂ, ನೀವು ಪಂಡಾಲಿನ ಹತ್ತಿರಾನಾ? ಭೋಗ್ ಪ್ರಸಾದ ಇನ್ನೂ ಇದೆಯಾ, ಮುಗೀತಾ?"

ಕಳ್ಳನಿಗೊಂದು ನಮಸ್ಕಾರ

ರಾಯರ ಕಂಪ್ಯೂಟರಿನಲ್ಲಿ ಹಸೆಹಾಡು ಇರಲಿಲ್ಲ. ಇದು ಕೊನೆಯ ಮನೆ. ರಾಜ್ಯೋತ್ಸವಕ್ಕೆ ಉಳಿದದ್ದು ಕೆಲವೇ ದಿನ.

"ನೀವು ಆ ಪೆನ್ ಡ್ರೈವನ್ನು ಎಲ್ಲೂ ಇಳಿಸಿಕೊಳ್ಳಲಿಲ್ಲವಾ?"

"ಇಳಿಸಿದ್ದೆ. ಎಲ್ಲವನ್ನೂ ಫೋಲ್ಡರಿಗೆ ತುಂಬಿ, ಹೊರಗಿನ ಡಿಸ್ಕಿಗೆ. ಮರುದಿನ ನೋಡಿದ್ರೆ ಖಾಲಿ. ಬಾಣ ಮಾತ್ರ ಇತ್ತು, ಅದನ್ನೆಲ್ಲ ಅಳಿಸಿದೆ. ಅದೀಗ ಎಂತಕ್ಕೂ ಆಗುದಿಲ್ಲ."

"ಎಲ್ಲಿದೆ ಅದು?"

ರಾಯರು ಊಟದ ಮೇಜಿನ ಕಡೆ ಕೈ ತೋರಿಸಿದರು. ಮೇಜಿನ ಒಂದು ಕಾಲು ಗಿಡ್ಡ. ಅದರ ಕೆಳಗೆ ಮಡಿಸಿದ ಪೇಪರು, ಪೇಪರಿನ ಕೆಳಗೆ ಡಿಸ್ಕು.

ಮೇಜಿನ ಮೇಲಿದ್ದ ಉಪ್ಪಿನಕಾಯಿ ಭರಣಿಗಳನ್ನೆಲ್ಲ ಇಳಿಸಿ, ಮೇಜೆತ್ತಿ, ಡಿಸ್ಕು ತೆಗೆದು, ಒರೆಸಿ ನನ್ನ ಲ್ಯಾಪ್‌ಟಾಪಿಗೆ ಹಾಕಿದೆ. ಬಚ್ಚಿಟ್ಟದ್ದನ್ನು ತೋರಿಸು ಅಂದೆ. ಒಂದೊಂದಾಗಿ ಮಕ್ಕಳು ಬಂದರು. ಕೊನೆಗೆ, ಹೆಸರಿಲ್ಲದ, ಬರೀ ಅಂಕಿಯ ಒಂದು ಫೈಲು. ಒತ್ತಿದೆ. ಟೀಚರಮ್ಮ ಗಂಟಲು ಸರಿಮಾಡಿಕೊಂಡರು, ಆಮೇಲೆ ಹಾಡಿದರು. ಹೊರಗೆ ಮೈಕು ಕೂಗುತ್ತಲೇ ಇತ್ತು. ರಾಯರು ಎದ್ದುಹೋಗಿ ಕಿಟಕಿ ಮುಚ್ಚಿದರು.

ಹಾಡು ಮುಗಿದ ಮೇಲೆ ರಾಯರು ಕೇಳಿದರು: "ಅಲ್ಲ ಮಾರಾಯ್ರೆ, ನಾನು ಆ ಡಿಸ್ಕಲ್ಲಿ ಕಣ್ಣಿಗೆ ಕಂಡದ್ದನ್ನೆಲ್ಲ ಅಳಿಸಿದ್ದೆ. ಇದು ಹೇಗೆ ಉಳಿಯಿತು?"

"ವೈರಸ್ಸು ಬಚ್ಚಿಟ್ಟಿತ್ತು. ನಿಮ್ಮ ಕಣ್ಣಿಗೆ ಬೀಳಲಿಲ್ಲ. ಅದಕ್ಕೇ ಉಳಿಯಿತು."

"ಅಂದ್ರೆ ಟೀಚರಮ್ಮನ ಹಾಡನ್ನು ನಮ್ಮಿಂದ ಕಾಪಾಡಿದ್ದು ವೈರಸ್ಸಾ?"

ಇಷ್ಟು ವರ್ಷದ ನನ್ನ ಹೋರಾಟದಲ್ಲಿ ಇಂಥ ಅವಮಾನ ಆಗಿರಲಿಲ್ಲ. ಆ ಕಳ್ಳನನ್ನು ಅಳಿಸಿದೆ. ಅಳಿಸುವ ಮುಂಚೆ ಒಂದು ಕ್ಷಣ ಬೆರಳು ತಡೆಯಿತು ಅಂತ ರಾಯರು ಊರೆಲ್ಲ ಹೇಳಿಕೊಂಡು ಬಂದರು. ಸುಳ್ಳು.

ಎಂಜಲು

ರಾಜ್ಯೋತ್ಸವದ ದಿನ ಹಾಲಿನ ತುಂಬ ಜನ. ವೇದಿಕೆಯ ಹಿಂದೆ ದೊಡ್ಡ ಬ್ಯಾನರು, ಅದರ ಮೇಲೆ ಮುತ್ತು ಪೋಣಿಸಿದಂಥ ಕನ್ನಡ ಅಕ್ಷರ. ಮೊದಲು ಮಕ್ಕಳ ಹಾಡು ಹಾಕಿದೆ. ಆ ಮಕ್ಕಳೆಲ್ಲ ಈಗ ಮೀಸೆ ಬಂದವರು, ಕಾಲೇಜಿಗೆ ಹೋಗುವವರು. ತಮ್ಮ ಕೀಚಲು ದನಿ ಕೇಳಿ ಮುಖ ಮುಚ್ಚಿಕೊಂಡರು. ಕೊನೆಗೆ ಟೀಚರಮ್ಮನ ಹಸೆಹಾಡು. ಟೀಚರಮ್ಮ ಮೊದಲ ಸಾಲಿನಲ್ಲಿ ಕೂತು, ದನಿಯಿಲ್ಲದೆ ತುಟಿ ಆಡಿಸುತ್ತಿದ್ದರು. ಎರಡನೆಯ ನುಡಿಗೆ ಹಿಂದಿನ ಸಾಲಿನಿಂದ ಯಾರೋ ಜೊತೆಗೂಡಿದರು. ತಿರುಗಿ ನೋಡಿದರೆ ನನ್ನ ಮಗಳು. ಮನೆಯಲ್ಲಿ ನಾಲ್ಕು ಮಾತಿಗೆ ಮೂರು ಹಿಂದಿ ಆಡುವವಳು ಒಂದಕ್ಷರ ತಪ್ಪದೆ ಹಾಡುತ್ತಿದ್ದಳು. ಆಮೇಲೆ ಉಳಿದ ಮಕ್ಕಳೂ ಸೇರಿದರು. ಟೀಚರಮ್ಮ ತಿರುಗಿ ನೋಡಲಿಲ್ಲ, ಸೆರಗಿನ ತುದಿ ಮಾತ್ರ ಕಣ್ಣಿಗೆ ಹೋಯಿತು.

ಆಮೇಲೆ ನನ್ನ ಭಾಷಣ. ಬಿಡಲಿಲ್ಲ ನಾನು.

"ಈ ಹಾಡು ಕಳೆದೇ ಹೋಗಿತ್ತು! ವೈರಸ್ಸಿನಿಂದಲ್ಲ, ನಮ್ಮಿಂದ! ಒಬ್ಬರು ಕಚ್ಚಿದ ಹಣ್ಣು ಇನ್ನೊಬ್ಬರು ತಿನ್ನುತ್ತೇವಾ? ಒಬ್ಬರ ಲೋಟಕ್ಕೆ ಇನ್ನೊಬ್ಬರು ಬಾಯಿ ಇಡುತ್ತೇವಾ? ಎಂಜಲು ಅನ್ನುತ್ತೇವೆ. ಪೆನ್ ಡ್ರೈವ್ ಎಂಜಲಲ್ಲವಾ? ಇವತ್ತಿನಿಂದ ಯಾರೂ ಯಾರ ಪೆನ್ ಡ್ರೈವೂ ಮುಟ್ಟಬಾರದು. ಮುಟ್ಟಿದರೂ ಅದರಲ್ಲಿ ಏನೂ ಹಾಕಬಾರದು. ಬಾಣ ಕಂಡರೆ ಒತ್ತಬಾರದು!"

ಚಪ್ಪಾಳೆಯೋ ಚಪ್ಪಾಳೆ. ವೇದಿಕೆಯಿಂದ ಇಳಿದು, ತೊಳೆದ ಪೆನ್ ಡ್ರೈವನ್ನು ಟೀಚರಮ್ಮನ ಕೈಗಿಟ್ಟೆ. ಹಾಡುಗಳ ಪ್ರತಿಯನ್ನು ನನ್ನಲ್ಲೂ ಮಗಳ ಫೋನಿನಲ್ಲೂ ಭದ್ರ ಮಾಡಿದ್ದೇನೆ, ಇನ್ನು ಹೆದರಬೇಡಿ ಅಂದೆ.

ಟೀಚರಮ್ಮ ಕೈಯಲ್ಲಿ ಅದನ್ನು ತಿರುಗಿಸಿ ನೋಡಿದರು. "ನೀನು ಏನು ಹಾಕಿದೀಯಪ್ಪ?"

"ಏನೂ ಇಲ್ಲ ಟೀಚರಮ್ಮ. ನಿಮ್ಮ ಹಾಡು ಬಿಟ್ಟು ಎಲ್ಲಾ ತೊಳೆದು ಕೊಟ್ಟಿದ್ದೇನೆ."

ಅವರ ಮುಖ ಇಳಿಯಿತು. "ಎಲ್ಲರೂ ಏನಾದರೂ ಹಾಕಿ ಕೊಟ್ಟರು. ಇಷ್ಟೊಂದು ಉಪಕಾರ ಮಾಡಿದವನು ನೀನು. ನೀನೊಬ್ಬ ಖಾಲಿ ಕೊಟ್ಟೆಯಾ?"

ಪಕ್ಕದಲ್ಲಿ ನನ್ನ ಹೆಂ‌ಡತಿ. "ಮನಿ ಮರ್ಯಾದಿ ಕಳದ್ರಿ" ಅಂದಳು, ನನಗಷ್ಟೇ ಕೇಳುವಂತೆ.

ಟೀಚರಮ್ಮನೇ ದಾರಿ ತೋರಿಸಿದರು. "ನಿನ್ನ ಭಾಷಣ ತುಂಬಾ ಚೆನ್ನಾಗಿತ್ತು. ಅದನ್ನೇ ಹಾಕಿ ಕೊಡು."

ನಿಮಗೆ ಒಂದು ಮಾತು ಹೇಳುತ್ತೇನೆ. ಸಿಟ್ಟಿನ ಮನುಷ್ಯನ ಭಾಷಣ ಚೆನ್ನಾಗಿತ್ತು ಅಂತ ಯಾರೂ ಹೇಳುವುದಿಲ್ಲ. ಸರಿಯಾಗಿತ್ತು ಅನ್ನುತ್ತಾರೆ, ಆಮೇಲೆ ದೂರ ಹೋಗುತ್ತಾರೆ. ನಾನು ಕರಗಿದೆ. ಪ್ರೊಫೆಸರು ಓಡಿ ಬಂದರು: "ಪೂರ್ತಿ ರೆಕಾರ್ಡ್ ಮಾಡಿದ್ದೀನಿ ಕಣ್ರಿ. ಈಗಲೇ ನನ್ನ ಲ್ಯಾಪ್‌ಟಾಪಿನಿಂದ ಹಾಕಿಕೊಡ್ತೀನಿ." ಅವರ ಲ್ಯಾಪ್‌ಟಾಪನ್ನು ತೊಳೆದವನು ನಾನೇ. ಹೂಂ ಅಂದೆ. ನನ್ನ ಕೈಯಲ್ಲಿ ಆಗ ಮೈಸೂರುಪಾಕು ಮತ್ತು ರಸಗುಲ್ಲದ ತಟ್ಟೆ ಇತ್ತು, ಸುತ್ತ ಹೊಗಳುವ ಜನ ಇದ್ದರು.

ಮುಂದಿನ ವಾರ ಮೊದಲ ಫೋನ್ ರೈಲ್ವೆ ರಾಯರದು. "ಮಾರಾಯ್ರೆ, ಟೀಚರಮ್ಮನ ಹತ್ರ ನಿಮ್ಮ ಭಾಷಣ ಇಸ್ಕೊಂಡು ಬಂದೆ. ಅದು ಬಾಣ ಆಗಿದೆ. ಒತ್ತಿದೆ. ನೀವು ಬರಲಿಲ್ಲ, ಕಂಪ್ಯೂಟರು ಹೋಯ್ತು."

"ಬಾಣ ಕಂಡರೆ ಒತ್ತಬಾರದು ಅಂತ ಹೇಳಿದ್ದೆನಲ್ಲ!"

"ಅದನ್ನು ಇನ್ನೊಮ್ಮೆ ಕೇಳುವಾ ಅಂತಲೇ ಒತ್ತಿದ್ದು."

ಪ್ರೊಫೆಸರಿಗೆ ಫೋನ್ ಮಾಡಿದೆ. ಲ್ಯಾಪ್‌ಟಾಪ್ ತೊಳೆದ ಮೇಲೆ ಏನಾದರೂ ಇಳಿಸಿದಿರಾ ಅಂದೆ. "ಏನೂ ಇಲ್ಲ ಕಣ್ರಿ. ಬ್ಯಾನರಿಗೆ ಅಕ್ಷರ ಬೇಕಿತ್ತಲ್ಲ, ಅಷ್ಟೇ. ನೀವು ಬೈದಿದ್ದು ನೆನಪಿತ್ತು, ಈ ಸಲ ಒಂದೇ ಗುಂಡಿ ಒತ್ತಿದೆ. ಎಲ್ಲಕ್ಕಿಂತ ದೊಡ್ಡದು."

ಅಲ್ಲಿಂದ ನನ್ನ ಭಾಷಣ ಮನೆಯಿಂದ ಮನೆಗೆ ಹೋಯಿತು. ಸಂಘದ ಇತಿಹಾಸದಲ್ಲಿ ಯಾವ ಭಾಷಣವೂ ಇಷ್ಟು ಮನೆ ಮುಟ್ಟಿಲ್ಲ. ಒಬ್ಬರಾದ ಮೇಲೆ ಒಬ್ಬರು ಫೋನ್ ಮಾಡುತ್ತಲೇ ಇದ್ದಾರೆ, ನಾನು ಮೆಟ್ರೋ, ಬಸ್ಸು, ಆಟೋ ಹಿಡಿದು ತೊಳೆಯುತ್ತಲೇ ಇದ್ದೇನೆ. ಎಲ್ಲರದೂ ಒಂದೇ ಮಾತು:

"ನಾವೇನೂ ಮಾಡಿಲ್ಲ ಸಾರ್. ನಿಮ್ಮ ಭಾಷಣ ತಾನಾಗೇ ಬಂತು."